ತೋಟದ ಶೆಡ್ಡಿನಲ್ಲಿರುವ 1970ರ ಎಂಜಿಬಿ ರೋಡ್‌ಸ್ಟರ್: ಮುಂಗಡ ಕೊಡುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ಪೊಲ್ಲಿಬೆಟ್ಟ_ರಸ್ತೆ

ಕೊಡಗಿನ ಪೊಲ್ಲಿಬೆಟ್ಟದ ಹತ್ತಿರದ ಒಂದು ಕಾಫಿ ತೋಟದಲ್ಲಿ ಎಂಜಿಬಿ ರೋಡ್‌ಸ್ಟರ್ (ಇಂಗ್ಲೆಂಡಿನ ಹಳೆಯ, ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು) ಮಾರಾಟಕ್ಕಿದೆ. ಗೊತ್ತಿರುವ ವಿವರ ಇಷ್ಟು:

ಆರ್‌ಸಿ ಪುಸ್ತಕದಲ್ಲಿ ತಯಾರಿಕೆಯ ವರ್ಷ 1970. ಬಲಗೈ ಸ್ಟಿಯರಿಂಗ್, ವೈರ್ ವೀಲ್ (ಸ್ಪೋಕ್ ಚಕ್ರ), ಓವರ್‌ಡ್ರೈವ್ (ಅದೇ ವೇಗದಲ್ಲಿ ಎಂಜಿನ್ ಸುತ್ತು ಇಳಿಸುವ ಹೆಚ್ಚುವರಿ ಗೇರ್). ಚಾಸಿ ನಂಬರು ಜಿಎಚ್‌ಎನ್5 ಎಂದು ಶುರುವಾಗುತ್ತದೆ. ಎಂಜಿನ್ ಮೇಲಿನ ಪ್ಲೇಟಿನಲ್ಲಿ 18ಜಿಬಿ ಎಂದಿದೆ. ಮೂರು ವರ್ಷದ ಹಿಂದೆ ಪೂರ್ತಿ ಪೇಂಟ್ ಆಗಿದೆ. ರಸ್ತೆಗೆ ಇಳಿಯುವುದು ಅಪರೂಪ, ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಾರೆ. ನಿಲ್ಲಿಸಿರುವುದು ಗೊಬ್ಬರದ ಮೂಟೆ ಇಡುವ ಶೆಡ್ಡಿನಲ್ಲಿ.

ಮಾಲೀಕರು ಅರ್ಧ ದಿನ ಬಿಟ್ಟುಕೊಡುತ್ತಾರೆ. ಜ್ಯಾಕ್ ಹಾಕಬಹುದು, ಪ್ಲಗ್ ಬಿಚ್ಚಬಹುದು, ಓಡಿಸಿಯೂ ನೋಡಬಹುದು. ಬಣ್ಣ ಕೆರೆಯುವಂತಿಲ್ಲ, ಚುಚ್ಚುವಂತಿಲ್ಲ. ಯಾವ ಕ್ರಮದಲ್ಲಿ ನೋಡಬೇಕು? ಎಂಜಿನ್ ನಂಬರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕೆ? ಕಾಗದಪತ್ರದಲ್ಲಿ ಏನು ಗಮನಿಸಬೇಕು?

ಉತ್ತರ 1: ತಗಡು_ಬೆಸುಗೆ

ಮೊದಲು ತಗಡು, ಆಮೇಲೆ ಉಳಿದದ್ದು. ಈ ಕಾರಿನ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲಕ್ಕೂ ಬಿಡಿಭಾಗ ಇಂದಿಗೂ ಇಂಗ್ಲೆಂಡಿನಿಂದ ತರಿಸಬಹುದು. ತಗಡಿನ ಭಾಗಗಳೂ ಸಿಗುತ್ತವೆ, ಆದರೆ ಅವನ್ನು ಅಳತೆ ತಪ್ಪದಂತೆ ಕೂರಿಸುವ ಕೈ ಸಿಗುವುದು ಕಷ್ಟ. ಹಾಗಾಗಿ ಎಂಜಿನ್ ಕೆಟ್ಟು ಬಾಡಿ ಗಟ್ಟಿಯಿರುವ ಕಾರನ್ನು ಕೊಳ್ಳಬಹುದು, ಎಂಜಿನ್ ಚೆನ್ನಾಗಿದ್ದು ಸಿಲ್ (ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತಗಡು) ಕೊಳೆತ ಕಾರನ್ನು ಕೊಳ್ಳಬಾರದು.

ಎಂಜಿಬಿಗೆ ಬೇರೆಯಾಗಿ ಚಾಸಿ ಇಲ್ಲ, ಬಾಡಿಯೇ ಚಾಸಿ. ರೋಡ್‌ಸ್ಟರ್‌ಗೆ ಮೇಲೆ ಛಾವಣಿಯ ಆಸರೆಯೂ ಇಲ್ಲ. ಕಾರಿನ ಮುಂಭಾಗ, ಹಿಂಭಾಗ ಎರಡನ್ನೂ ಹಿಡಿದಿಟ್ಟಿರುವುದು ಬಾಗಿಲ ಕೆಳಗಿನ ಎರಡು ಸಿಲ್ ಮತ್ತು ನಡುವಿನ ಟನಲ್ (ಗೇರ್‌ಬಾಕ್ಸ್ ಮೇಲೆ ಉಬ್ಬಿದ ತಗಡು). ಹೊರಗಿನಿಂದ ಕಾಣುವುದು ಹೊರ ಸಿಲ್ ಮಾತ್ರ. ಅದರ ಒಳಗೆ ನೇರ ನಿಂತ ಒಂದು ನಡುತಗಡು, ಅದರಾಚೆ ಒಳ ಸಿಲ್, ಅಡಿಯಲ್ಲಿ ಕೋಟೆಯ ತೆನೆಯಂತೆ ಹಲ್ಲುಹಲ್ಲಾದ ಕ್ಯಾಸಲ್ ರೈಲು. ನೀರು ಬಸಿಯಲು ಆ ಹಲ್ಲುಗಳ ನಡುವೆ ಸಂದು ಬಿಟ್ಟಿರುತ್ತಾರೆ. ಮಣ್ಣು ತುಂಬಿ ಸಂದು ಮುಚ್ಚಿದರೆ ಸಿಲ್ ಒಳಗೇ ನೀರು ನಿಂತು, ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದಿದೆ ಎಂದರೆ ಒಳಗಿನ ನಡುತಗಡು ಆಗಲೇ ಹೋಗಿದೆ ಎಂದು ಲೆಕ್ಕ ಹಾಕಿ.

ಕಾರು ನಾಲ್ಕೂ ಚಕ್ರದ ಮೇಲೆ ಸಮ ನೆಲದಲ್ಲಿರುವಾಗ ಬಾಗಿಲ ಸಂದು ಅಳೆಯಿರಿ. ಬಾಗಿಲಿನ ಹಿಂದಿನ ಅಂಚಿನಲ್ಲಿ, ಮೇಲೊಂದು ಕಡೆ, ಕೆಳಗೊಂದು ಕಡೆ, ಎಡ ಬಲ ಎರಡಕ್ಕೂ. ಫೀಲರ್ ಗೇಜಿನ ಎಲೆಗಳನ್ನು ಜೋಡಿಸಿಕೊಂಡು ಅಳೆದು ಬರೆದಿಟ್ಟುಕೊಳ್ಳಿ. ಮೇಲೆ ಕಿರಿದು, ಕೆಳಗೆ ಅಗಲ ಇದ್ದರೆ ಕಾರು ನಡುವಿನಲ್ಲಿ ಬಾಗಿದೆ. ಆಮೇಲೆ ಮುಂದಿನ ಕ್ರಾಸ್‌ಮೆಂಬರಿನ ಕೆಳಗೆ ಮರದ ತುಂಡಿಟ್ಟು ಟ್ರಾಲಿ ಜ್ಯಾಕಿನಿಂದ ಮುಂಚಕ್ರ ಎರಡೂ ನೆಲ ಬಿಡುವಷ್ಟು ಎತ್ತಿ, ಅದೇ ಜಾಗಗಳಲ್ಲಿ ಮತ್ತೆ ಅಳೆಯಿರಿ. ವ್ಯತ್ಯಾಸ ಒಂದು ಮಿಲಿಮೀಟರಿನ ಒಳಗಿದ್ದರೆ ಸಮಾಧಾನ. ಬಾಗಿಲು ತೆಗೆಯುವಾಗ ಉಜ್ಜಿದರೆ, ಚಿಲಕ ಕೂರದಿದ್ದರೆ, ಸಿಲ್‌ನಲ್ಲಿ ಬಲವಿಲ್ಲ. ಹೊಸ ಪೇಂಟು ಇದನ್ನು ಮುಚ್ಚಲಾರದು.

ಸಿಲ್ ರಿಪೇರಿ ಸರಿಯಾಗಿ ಆಗಿದೆಯೇ ಎಂದು ತಿಳಿಯಲು ಇನ್ನೊಂದು ದಾರಿಯಿದೆ. ಹೊರ ಸಿಲ್ ಬಾಗಿಲ ಉದ್ದಕ್ಕೆ ಮುಗಿಯುವುದಿಲ್ಲ, ಮುಂದಿನ ವಿಂಗ್ (ಚಕ್ರದ ಮೇಲಿನ ಮಡ್‌ಗಾರ್ಡ್ ತಗಡು) ಕೆಳಗೂ ಹಿಂದಿನ ವಿಂಗ್ ಕೆಳಗೂ ಹೋಗುತ್ತದೆ. ಅದನ್ನು ಸರಿಯಾಗಿ ಬದಲಾಯಿಸಬೇಕಾದರೆ ಮುಂದಿನ ವಿಂಗ್ ಬಿಚ್ಚಬೇಕು, ಹಿಂದಿನ ವಿಂಗಿನ ಕೆಳಭಾಗ ಕತ್ತರಿಸಬೇಕು. ಅಷ್ಟು ಕೆಲಸಕ್ಕೆ ಬೇಸರಪಟ್ಟವರು ಕೊಳೆತ ಸಿಲ್ ಮೇಲೆಯೇ ಇನ್ನೊಂದು ತಗಡು ಹೊದಿಸಿ ಬೆಸೆದುಬಿಡುತ್ತಾರೆ. ಹೊದಿಸಿದ ತಗಡು ಬಾಗಿಲ ಅಗಲಕ್ಕೇ ನಿಂತುಹೋಗಿರುತ್ತದೆ, ಅಡಿಯಲ್ಲಿ ಹಲ್ಲುಹಲ್ಲಿನ ಬದಲು ಚಪ್ಪಟೆ ಪಟ್ಟಿ ಕಾಣುತ್ತದೆ. ಚಾಪೆ ಹಾಸಿಕೊಂಡು ಅಡಿಯಲ್ಲಿ ಮಲಗಿ ಟಾರ್ಚ್ ಬಿಟ್ಟು ಇದನ್ನೊಂದು ನೋಡದೆ ಬರಬೇಡಿ. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ, ಎರಡು ಆಕ್ಸಲ್ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಹೋಗಿ.

ಗೊಬ್ಬರದ ಶೆಡ್ ಎಂದಿರಲ್ಲ, ಮಳೆಗಿಂತ ಅದೇ ಹೆಚ್ಚು ಚಿಂತೆಯ ವಿಷಯ. ಪೊಟ್ಯಾಷ್ ಎಂದು ತೋಟಕ್ಕೆ ತರುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ನೆಂಟ. ಅದರ ಧೂಳು ತಗಡಿನ ಮೇಲೆ ಕೂತು ಕಕ್ಕಡ ತಿಂಗಳ (ಕೊಡಗಿನ ಜೋರು ಮಳೆಯ ತಿಂಗಳು) ತೇವ ಹೀರಿದರೆ ಸಮುದ್ರ ದಂಡೆಯಲ್ಲಿ ಕಾರು ನಿಲ್ಲಿಸಿದಂತೆಯೇ. ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತವನ್ನೂ ಅಲ್ಲೇ ಇಡುತ್ತಿದ್ದರೆ ಇನ್ನೂ ಕೆಟ್ಟದ್ದು. ಅದು ಕಬ್ಬಿಣಕ್ಕೆ ತಗುಲಿದಲ್ಲಿ ತಾಮ್ರ ಅಂಟಿ ಕೂರುತ್ತದೆ, ಸುತ್ತಲಿನ ಕಬ್ಬಿಣ ಬೇಗ ತಿಂದುಹೋಗುತ್ತದೆ. ಮೂಟೆ ಯಾವ ಬದಿಯಲ್ಲಿದೆ ನೋಡಿ, ಕಾರಿನ ಆ ಬದಿಯನ್ನು ಎರಡು ಪಟ್ಟು ಹೊತ್ತು ಪರೀಕ್ಷಿಸಿ. ಬ್ರೇಕ್ ಪೈಪು, ವೈರಿಂಗ್ ಬುಲೆಟ್ ಕನೆಕ್ಟರುಗಳಲ್ಲಿ ಹಸಿರು ಪುಡಿ ಕಂಡರೆ ಕಾರಣ ಅದೇ ಇರಬಹುದು.

ಇನ್ನುಳಿದ ಜಾಗಗಳು. ಹೆಡ್‌ಲೈಟ್ ಹಿಂದೆ ಮತ್ತು ಮುಂಚಕ್ರದ ಗೂಡಿನ ಮೇಲಂಚಿನಲ್ಲಿ ಕೆಮ್ಮಣ್ಣು ಗಂಟು ಕಟ್ಟುತ್ತದೆ, ಕೈಹಾಕಿ ತೆಗೆಯಿರಿ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿದರೆ ಎರಡು ಬ್ಯಾಟರಿ ಪೆಟ್ಟಿಗೆ. 1970ರ ಕಾರಿಗೆ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತಿದ್ದವು. ಆಸಿಡ್ ಚೆಲ್ಲಿ ಪೆಟ್ಟಿಗೆಯ ತಳ ಹೋಗಿರುತ್ತದೆ, ಅಲ್ಲಿಂದ ಸ್ವಲ್ಪ ಕೆಳಗೆ ಹಿಂದಿನ ಲೀಫ್ ಸ್ಪ್ರಿಂಗಿನ ಮುಂದಿನ ಕೊಂಡಿ ಕೂರುವ ಜಾಗವಿದೆ. ಅಲ್ಲಿ ತುಕ್ಕು ಕಂಡರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಪೆಟ್ರೋಲ್ ಟ್ಯಾಂಕ್ ಡಿಕ್ಕಿಯ ಅಡಿಯಲ್ಲಿದ್ದು ತುಕ್ಕು ಹಿಡಿಯುವುದು ಅದರ ಮೇಲ್ಮೈಗೆ, ಡಿಕ್ಕಿಯ ತಳಕ್ಕೂ ಟ್ಯಾಂಕಿಗೂ ನಡುವೆ ಮಣ್ಣು ಸೇರಿಕೊಳ್ಳುವ ಕಾರಣಕ್ಕೆ. ಅರ್ಧ ಟ್ಯಾಂಕಿನಲ್ಲಿ ಇದು ಗೊತ್ತಾಗುವುದಿಲ್ಲ. ಪೂರ್ತಿ ತುಂಬಿಸಿ ಅರ್ಧ ಗಂಟೆ ಬಿಟ್ಟು ಮೂಸಿ ನೋಡಿ.

ಗಾಜಿನ ಮುಂದೆ ಗಾಳಿ ಒಳಹೋಗುವ ಜಾಲರಿ ಇದೆ. ಅದರೊಳಗೆ ಬಿದ್ದ ನೀರು ಒಂದು ರಬ್ಬರ್ ಕೊಳವೆಯಿಂದ ಟನಲ್ ಕಡೆ ಇಳಿದು ಹೊರಹೋಗಬೇಕು. ತೋಟದ ಸಿಲ್ವರ್ ಓಕ್ ಎಲೆ ಬಿದ್ದು ಕೊಳವೆ ಕಟ್ಟಿದರೆ ನೀರು ಹೀಟರ್ ಪೆಟ್ಟಿಗೆಯ ಮೂಲಕ ಕಾಲಿಡುವ ಜಾಗಕ್ಕೇ ಬರುತ್ತದೆ. ಜಾಲರಿಗೆ ಒಂದು ಚೊಂಬು ನೀರು ನಿಧಾನ ಹುಯ್ದು, ಕೆಳಗೆ ಬರುತ್ತದೋ ಒಳಗೆ ಬರುತ್ತದೋ ನೋಡಿ. ಒಳಗೆ ಬಂದರೆ ಫ್ಲೋರ್ ತಗಡನ್ನು ಕಾರ್ಪೆಟ್ ಪೂರ್ತಿ ತೆಗೆದು ನೋಡಬೇಕು.

ತೆಳು ಬಟ್ಟೆ ಸುತ್ತಿದ ಚಿಕ್ಕ ಮ್ಯಾಗ್ನೆಟ್ ಇಟ್ಟುಕೊಳ್ಳಿ. ವಿಂಗಿನ ಕೆಳಗಿನ ಅರ್ಧ ಅಡಿ, ಬಾಗಿಲ ಕೆಳ ಅಂಚು, ಹಿಂಚಕ್ರದ ಮುಂದಿನ ಮೂಲೆ, ಇಲ್ಲಿ ಹಿಡಿಯದಿದ್ದರೆ ಪುಟ್ಟಿ ತುಂಬಿದ್ದಾರೆ. ಬಾನೆಟ್ ಮೇಲೆ ಹಿಡಿಯದಿದ್ದರೆ ಗಾಬರಿ ಬೇಡ, ಮೊದಲ ವರ್ಷಗಳ ಎಂಜಿಬಿಗೆ ಅಲ್ಯೂಮಿನಿಯಂ ಬಾನೆಟ್ಟೇ ಬರುತ್ತಿತ್ತು.

ಸಾಧ್ಯವಿದ್ದರೆ ಮಳೆ ಬರುವಾಗಲೇ ನೋಡಲು ಹೋಗಿ. ಸೆಪ್ಟೆಂಬರ್ ಶುರುವಿನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ತೋರುವ ಸೋರಿಕೆ ಫೆಬ್ರವರಿಯ ಬಿಸಿಲಿನಲ್ಲಿ ತೋರದು.

ಉತ್ತರ 2: ಎರಡು_ಕಾರ್ಬ್ಯುರೇಟರ್

ಎಂಜಿನ್ ನಂಬರಿನಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ಬರೀ ಕಾಗದದ ಪ್ರಶ್ನೆಯಲ್ಲ.

ಜಿಎಚ್‌ಎನ್5 ಅಂದರೆ 1969ರ ಕೊನೆಯಿಂದ ಬಂದ ರೋಡ್‌ಸ್ಟರ್. ಜಿ ಎಂಜಿಗೆ, ಎಚ್ ಎಂಜಿನ್ ಗಾತ್ರದ ವರ್ಗಕ್ಕೆ, ಎನ್ ಎರಡು ಸೀಟಿನ ತೆರೆದ ಕಾರಿಗೆ. 5ರ ನಂತರ ಯು ಅಕ್ಷರ ಇದ್ದರೆ ಅದು ಅಮೆರಿಕಕ್ಕೆ ತಯಾರಾದದ್ದು, ಅಂಥ ಕಾರಿಗೆ ಬಲಗೈ ಸ್ಟಿಯರಿಂಗ್ ಇದೆ ಎಂದರೆ ಆಮೇಲೆ ಬದಲಾಯಿಸಿದ್ದಾರೆ. ಬಲಗೈ ಕಾರಿಗೆ ಆ ವರ್ಷ ಬರಬೇಕಾದ ಎಂಜಿನ್ 18ಜಿಜಿ. ನಿಮ್ಮದರಲ್ಲಿರುವ 18ಜಿಬಿ 1964ರ ಕೊನೆಯಿಂದ 1967ರವರೆಗಿನದು. ಎರಡೂ 1798 ಸಿಸಿ, ಎರಡಕ್ಕೂ ಐದು ಮೇನ್ ಬೇರಿಂಗ್. ಹಾಗಾಗಿ ಎಂಜಿನ್ ಕೆಟ್ಟದ್ದಲ್ಲ. ಆದರೆ 18ಜಿಬಿಯ ಹಿಂದಿನ ಪ್ಲೇಟು, ಫ್ಲೈವೀಲು ಹಳೆಯ ಗೇರ್‌ಬಾಕ್ಸಿಗೆ ಹೊಂದುವಂಥವು. 1967ರ ಕೊನೆಯಲ್ಲಿ ಬಂದ ಹೊಸ ಗೇರ್‌ಬಾಕ್ಸಿಗೆ ಜೋಡಿಸಬೇಕಾದರೆ ಅವೆರಡನ್ನೂ ಬದಲಾಯಿಸಬೇಕು. ಅಂದರೆ ಯಾರೋ ಅಷ್ಟು ಕೆಲಸ ಮಾಡಿದ್ದಾರೆ, ಇಲ್ಲವೇ ಹಳೆಯ ಗೇರ್‌ಬಾಕ್ಸನ್ನೂ ಜೊತೆಗೇ ಇಳಿಸಿದ್ದಾರೆ.

ಯಾವುದು ಎಂದು ತಿಳಿಯುವುದು ಸುಲಭ. ಹಳೆಯ ಗೇರ್‌ಬಾಕ್ಸಿಗೆ ಫಸ್ಟ್ ಗೇರಿನಲ್ಲಿ ಸಿಂಕ್ರೊ (ಓಡುವಾಗ ಗೇರ್ ಸದ್ದಿಲ್ಲದೆ ಕೂರಲು ನೆರವಾಗುವ ಭಾಗ) ಇಲ್ಲ. ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಉರುಳುವಾಗ ಫಸ್ಟ್ ಹಾಕಿದರೆ ಕರಕರ ಎನ್ನುತ್ತದೆ. ಅದರ ಎಣ್ಣೆ ನೋಡುವ ಕಡ್ಡಿ ಟನಲ್ ಮೇಲಿನ ರಬ್ಬರ್ ಮುಚ್ಚಳದ ಕೆಳಗಿರುತ್ತದೆ. ಹೊಸದಕ್ಕೆ ನಾಲ್ಕೂ ಗೇರಿಗೆ ಸಿಂಕ್ರೊ, ಕಡ್ಡಿಯಿಲ್ಲ, ಪಕ್ಕದಲ್ಲಿ ತುಂಬುವ ಪ್ಲಗ್.

ಇನ್ನೊಂದು ಎಚ್ಚರಿಕೆ. ಅಂಬಾಸಡರಿನ 1489 ಸಿಸಿ ಎಂಜಿನ್ ಕೂಡ ಇದೇ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ವಂಶದ್ದು, ಹೊರನೋಟಕ್ಕೆ ಅಣ್ಣತಮ್ಮಂದಿರು. ಎರಡಕ್ಕೂ ಸ್ಟ್ರೋಕ್ 88.9 ಮಿಲಿಮೀಟರ್, ಆದ್ದರಿಂದ ಪ್ಲಗ್ ತೂತಿನಲ್ಲಿ ಕಡ್ಡಿ ಬಿಟ್ಟು ಪಿಸ್ಟನ್ ಓಡಾಟ ಅಳೆದರೆ ವ್ಯತ್ಯಾಸ ಸಿಗುವುದಿಲ್ಲ. ವ್ಯತ್ಯಾಸ ಬೋರಿನಲ್ಲಿದೆ. ನಂಬರ್ ಪ್ಲೇಟು ಬ್ಲಾಕಿನ ಬಲಗಡೆ, ಪ್ಲಗ್‌ಗಳ ಬದಿಯಲ್ಲಿ ರಿವೆಟ್ ಹಾಕಿರುತ್ತದೆ. ರಿವೆಟ್ ಹೊಸದಾಗಿದ್ದರೆ, ಪ್ಲೇಟಿನ ಮೇಲೆ ಎಂಜಿನ್ ಬಣ್ಣದ ಗುರುತೇ ಇಲ್ಲದಿದ್ದರೆ, ಪ್ಲೇಟು ಆಮೇಲೆ ಬಂದದ್ದು ಎಂದು ಅನುಮಾನಿಸಿ.

ಹೋದಾಗ ಎಂಜಿನ್ ತಣ್ಣಗಿರಬೇಕು ಎಂದು ಮೊದಲೇ ಹೇಳಿಡಿ. ಹೋದ ಕೂಡಲೇ ಬ್ಲಾಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಆಗುವ ಕಷ್ಟ ಕಾಣದಿರಲೆಂದು ಮುಂಚೆಯೇ ಓಡಿಸಿಟ್ಟಿರಬಹುದು.

ಇಗ್ನಿಷನ್ ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಹಿಂಭಾಗದಿಂದ ಎಸ್‌ಯು ಪೆಟ್ರೋಲ್ ಪಂಪು ಟಕಟಕ ಎಂದು ಬಡಿದು, ಕಾರ್ಬ್ಯುರೇಟರ್ ತುಂಬಿದ ಮೇಲೆ ನಿಲ್ಲಬೇಕು. ನಿಲ್ಲದೆ ಬಡಿಯುತ್ತಲೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಫ್ಲೋಟ್ ವಾಲ್ವ್ ಮುಚ್ಚದೆ ಪೆಟ್ರೋಲ್ ಉಕ್ಕುತ್ತಿದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡ 20ರ ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಕಾಲದ ರಬ್ಬರ್ ಪೈಪು ಅದರಲ್ಲಿ ಉಬ್ಬಿ, ಮೆತ್ತಗಾಗಿ, ಒಳಪದರ ಕಳಚಿ ಜೆಟ್ ಕಟ್ಟುತ್ತದೆ. ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡುವ ಕಾರಿನಲ್ಲಿ ಎಥನಾಲ್ ತೇವ ಹೀರಿ ಟ್ಯಾಂಕಿನ ತಳಕ್ಕೆ ನೀರು ಸೇರುತ್ತದೆ. ಪೈಪನ್ನು ಎರಡು ಬೆರಳಲ್ಲಿ ಹಿಂಡಿ. ಜಿಗುಟು ಅನಿಸಿದರೆ ಅಥವಾ ಸೀಳು ಕಂಡರೆ ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ಎಲ್ಲ ಪೈಪು ಬದಲಿಸುವ ಖರ್ಚು ಲೆಕ್ಕಕ್ಕೆ ಸೇರಿಸಿ, ಎಥನಾಲ್ ತಡೆಯುವ ಪೈಪನ್ನೇ ಹಾಕಿಸಿ.

ಸ್ಟಾರ್ಟ್ ಆದ ಮೇಲೆ, ಎರಡೂ ಎಸ್‌ಯು ಕಾರ್ಬ್ಯುರೇಟರಿನ ಥ್ರಾಟಲ್ ಸ್ಪಿಂಡಲ್ ತುದಿಗಳಿಗೆ ಕಾರ್ಬ್ ಕ್ಲೀನರ್ ಸ್ವಲ್ಪವೇ ಸಿಂಪಡಿಸಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅದರ ಕೆಳಗೇ ಇದೆ, ಬಿಸಿಯಾಗುವ ಮೊದಲು ಮಾಡಿ. ಎಂಜಿನ್ ಸದ್ದು ಬದಲಾದರೆ ಸ್ಪಿಂಡಲ್ ಸವೆದಿದೆ, ಅಲ್ಲಿಂದ ಗಾಳಿ ಹೋಗುತ್ತಿದೆ. ಎಷ್ಟು ಟ್ಯೂನ್ ಮಾಡಿದರೂ ಅಂಥ ಕಾರು ಐಡ್ಲಿಂಗಿನಲ್ಲಿ ಸ್ಥಿರವಾಗಿ ಓಡುವುದಿಲ್ಲ. ಎಂಜಿನ್ ನಿಲ್ಲಿಸಿ ಕಾರ್ಬ್ಯುರೇಟರಿನೊಳಗಿನ ಪಿಸ್ಟನ್ ಎತ್ತಿ ಬಿಟ್ಟರೆ ತಡೆಯಿಲ್ಲದೆ ಇಳಿದು ಟಕ್ ಎನ್ನಬೇಕು.

ಟ್ಯಾಪೆಟ್ ಸದ್ದು ಸ್ವಲ್ಪ ಇದ್ದರೆ ಒಳ್ಳೆಯದು. ಈ ಎಂಜಿನ್ನಿಗೆ ವಾಲ್ವ್ ಅಂತರ 0.015 ಇಂಚು. ಸದ್ದೇ ಇಲ್ಲದ ಎಂಜಿನ್ನಿಗೆ ಅನುಮಾನಪಡಬೇಕು. ನಮ್ಮಲ್ಲಿ 2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲ್ ನಿಂತಿದೆ. ಹೆಡ್ಡಿನಲ್ಲಿ ಮೆತ್ತನೆಯ ಮೂಲ ವಾಲ್ವ್ ಸೀಟ್ ಇದ್ದರೆ, ಸೀಸದ ರಕ್ಷಣೆಯಿಲ್ಲದೆ ಎಕ್ಸಾಸ್ಟ್ ವಾಲ್ವ್ ಸೀಟಿನೊಳಗೆ ಇಳಿಯುತ್ತ, ಅಂತರ ಕಡಿಮೆಯಾಗುತ್ತ ಹೋಗುತ್ತದೆ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ. ಹೆಡ್ಡಿಗೆ ಗಟ್ಟಿ ಸೀಟ್ ಹಾಕಿಸಿದ ಬಿಲ್ ಇದೆಯೇ ಕೇಳಿ.

ಕಂಪ್ರೆಷನ್ ಪರೀಕ್ಷೆ, ಅಂದರೆ ಗೇಜ್ ಇಟ್ಟು ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು: ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ ತೆಗೆದು, ಕಾಯಿಲ್ ವೈರ್ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪ್ರತಿ ಸಿಲಿಂಡರಿಗೆ ಐದಾರು ಸುತ್ತು ಸ್ಟಾರ್ಟರ್ ಹೊಡೆಯಿರಿ. ಪುಸ್ತಕಗಳಲ್ಲಿ, ಇಂಟರ್ನೆಟ್ಟಿನಲ್ಲಿ 160 ಪಿಎಸ್‌ಐ ಆಸುಪಾಸಿನ ಅಂಕಿ ಕಾಣುತ್ತದೆ, ಅದು ಸಮುದ್ರಮಟ್ಟದ ಲೆಕ್ಕ. 1,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಸುಮಾರು ಶೇಕಡ 11 ಕಡಿಮೆ. ಕೊಡಗಿನಲ್ಲಿ 140 ಬಂದರೆ ಅದು ಆರೋಗ್ಯವಂತ ಎಂಜಿನ್ನೇ. ನೋಡಬೇಕಾದ್ದು ಒಂದಕ್ಕೊಂದು ಹೋಲಿಕೆ. ಅತಿ ಹೆಚ್ಚಿಗೂ ಅತಿ ಕಡಿಮೆಗೂ ಶೇಕಡ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಬಂದರೆ ನಡುವಿನ ಗ್ಯಾಸ್ಕೆಟ್ ಹೋಗಿದೆ. ಒಂದೇ ಕಡಿಮೆ ಬಂದರೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್.

ಆಯಿಲ್ ಮುಚ್ಚಳದ ಕೆಳಗೆ ಬೆಣ್ಣೆಯಂಥ ಬಿಳಿ ಪದರ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಎನ್ನಬೇಡಿ. ತೇವದ ಊರಿನಲ್ಲಿ ತಿಂಗಳಿಗೊಮ್ಮೆ ಐದು ನಿಮಿಷ ಓಡಿಸಿ ನಿಲ್ಲಿಸುವ ಎಂಜಿನ್ನಿನಲ್ಲಿ ಅದು ಆಗಿಯೇ ಆಗುತ್ತದೆ. ಆಯಿಲ್ ಕಡ್ಡಿಯಲ್ಲೂ ಹಾಗೇ ಇದ್ದರೆ ಚಿಂತಿಸಿ.

ಆಯಿಲ್ ಪ್ರೆಷರ್ ಬಿಸಿ ಎಂಜಿನ್ನಿನಲ್ಲಿ, 80 ಕಿಲೋಮೀಟರ್ ವೇಗದಲ್ಲಿ 50ರಿಂದ 80 ಪಿಎಸ್‌ಐ, ಐಡ್ಲಿಂಗಿನಲ್ಲಿ 10ರಿಂದ 25. ತಣ್ಣಗಿರುವಾಗಿನ ಅಂಕಿಗೆ ಬೆಲೆಯಿಲ್ಲ.

ಓಡಿಸುವುದಕ್ಕೆ, ಇನ್ಶೂರೆನ್ಸ್ ಮತ್ತು ನೋಂದಣಿ ಜೀವಂತ ಇದ್ದರೆ ಮಾತ್ರ ರಸ್ತೆಗೆ ತನ್ನಿ. ಇಲ್ಲದಿದ್ದರೆ ತೋಟದ ಒಳಗಿನ ದಾರಿಯಲ್ಲೇ ನೋಡಿ. ಇದ್ದರೆ ಸಿದ್ದಾಪುರ, ಚೆಟ್ಟಳ್ಳಿ ಮೇಲೆ ಮಡಿಕೇರಿಗೆ ಹತ್ತಿಸಿ. ಆ ಏರಿನಲ್ಲಿ ನಿಧಾನ ಹೋಗುವಾಗ ಟೆಂಪರೇಚರ್ ಮುಳ್ಳು ಏರುತ್ತಲೇ ಹೋದರೆ ರೇಡಿಯೇಟರಿನಲ್ಲೋ ಬ್ಲಾಕಿನ ಹಿಂಭಾಗದಲ್ಲೋ ಕೆಸರು ಕಟ್ಟಿದೆ. ಮಡಿಕೇರಿಯಿಂದ ಸಂಪಾಜೆ ಕಡೆ ಘಾಟಿಯಲ್ಲಿ ಐದಾರು ಕಿಲೋಮೀಟರ್ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಸಿ, ಸಮತಟ್ಟಾದ ಜಾಗದಲ್ಲಿ ಒಮ್ಮೆ ಒತ್ತಿ ಹಿಂದೆ ನೋಡಿ. ಆಗ ನೀಲಿ ಹೊಗೆ ಬಂದರೆ ವಾಲ್ವ್ ಗೈಡ್ ಸವೆದಿದೆ. ಏರು ಹತ್ತುವಾಗ ಉದ್ದಕ್ಕೂ ಹೊಗೆ ಬಂದರೆ ರಿಂಗ್. ಎರಡನೆಯದರ ಖರ್ಚು ಮೊದಲನೆಯದರ ಹಲವು ಪಟ್ಟು, ಹಾಗಾಗಿ ವ್ಯತ್ಯಾಸ ತಿಳಿದುಕೊಂಡೇ ಬನ್ನಿ.

ಓವರ್‌ಡ್ರೈವ್ ಮೂರು, ನಾಲ್ಕನೇ ಗೇರಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ನಾಲ್ಕರಲ್ಲಿ 80 ಕಿಲೋಮೀಟರಿಗೆ ಸುಮಾರು 2,800 ಆರ್‌ಪಿಎಂ. ಸ್ವಿಚ್ ಹಾಕಿದರೆ ಒಂದು ಕ್ಷಣದಲ್ಲಿ 2,300ರ ಹತ್ತಿರ ಇಳಿಯಬೇಕು. ತಡವಾಗಿ ಹಿಡಿದರೆ, ಜಾರಿದರೆ, ಗೇರ್‌ಬಾಕ್ಸಿಗೆ ಏನು ಎಣ್ಣೆ ಹಾಕಿದ್ದಾರೆ ಕೇಳಿ. ಈ ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಒಂದೇ ಎಣ್ಣೆ, ಅದೂ 20ಡಬ್ಲ್ಯೂ-50 ಎಂಜಿನ್ ಆಯಿಲ್. ಅಭ್ಯಾಸಬಲದಿಂದ 90ರ ಗೇರ್ ಆಯಿಲ್ ಸುರಿಯುವವರು ಬಹಳ. ಅದು ಹಿಂದಿನ ಆಕ್ಸಲ್ಲಿಗೆ ಮಾತ್ರ. ಓವರ್‌ಡ್ರೈವ್ ಹಿಡಿದುಕೊಂಡೇ ಉಳಿದಿರುವಾಗ ರಿವರ್ಸ್ ಹಾಕಬೇಡಿ, ಒಳಗಿನ ಭಾಗ ಮುರಿಯುತ್ತದೆ.

ಉತ್ತರ 3: ಸ್ಪೋಕ್_ಮತ್ತು_ಗ್ರೀಸ್

ಮೇಲಿನವರು ಚಕ್ರ ಬಿಟ್ಟಿದ್ದಾರೆ. ವೈರ್ ವೀಲ್ ಇರುವ ಕಾರಿನಲ್ಲಿ ಜೀವಕ್ಕೆ ಸಂಬಂಧಿಸಿದ ವಿಷಯ ಅಲ್ಲೇ ಇದೆ.

ಚಕ್ರ ಎತ್ತಿ, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ನೀವು ಚಕ್ರವನ್ನು ಹಿಂದೆ ಮುಂದೆ ತಿರುಗಿಸಲು ನೋಡಿ. ಹಬ್ ಅಲುಗದೆ ಚಕ್ರ ಮಾತ್ರ ಟಿಕ್ ಎಂದು ಅಲುಗಿದರೆ ಸ್ಪ್ಲೈನ್ (ಹಬ್, ಚಕ್ರ ಎರಡನ್ನೂ ಕಚ್ಚಿ ಹಿಡಿಯುವ ಹಲ್ಲುಗಳು) ಸವೆದಿದೆ. ಆಮೇಲೆ ಚಕ್ರ ಬಿಚ್ಚಿ ನೋಡಿ. ಹಬ್ಬಿನ ಹಲ್ಲುಗಳ ತಲೆ ಚಪ್ಪಟೆ ಇರಬೇಕು, ಗರಗಸದಂತೆ ಚೂಪಾಗಿರಬಾರದು. ಚೂಪಾದ ಹಬ್ಬಿಗೆ ಹೊಸ ಚಕ್ರ ಹಾಕಿದರೆ ಆ ಚಕ್ರವೂ ಕೆಲವೇ ಸಾವಿರ ಕಿಲೋಮೀಟರಿಗೆ ಹಾಳು, ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹಿಂದಿನಿಂದ ಬರುವ ಟಣ್ ಸದ್ದಿಗೆ ಎಲ್ಲರೂ ಡಿಫರೆನ್ಷಿಯಲ್ ಅನ್ನುತ್ತಾರೆ. ಸ್ಪ್ಲೈನ್, ಪ್ರಾಪೆಲ್ಲರ್ ಶಾಫ್ಟಿನ ಯುನಿವರ್ಸಲ್ ಜಾಯಿಂಟ್, ಆಮೇಲೆ ಡಿಫರೆನ್ಷಿಯಲ್ಲಿನ ತ್ರಸ್ಟ್ ವಾಷರ್, ಈ ಕ್ರಮದಲ್ಲಿ ನೋಡಿ.

ನಡುವಿನ ದೊಡ್ಡ ನಟ್ಟಿನ ದಿಕ್ಕು ನೋಡುವುದು ಇನ್ನೂ ಮುಖ್ಯ. ಎಡಬದಿಯ ಹಬ್ಬಿಗೆ ಸಾಮಾನ್ಯ ಮರೆ (ತಿರುಪಿನ ಸುತ್ತು), ಬಲಬದಿಗೆ ಉಲ್ಟಾ ಮರೆ. ನೆನಪಿಡಲು: ಕಾರು ಮುಂದೆ ಹೋಗುವಾಗ ಚಕ್ರ ಯಾವ ದಿಕ್ಕಿಗೆ ತಿರುಗುತ್ತದೋ ನಟ್ಟು ಆ ದಿಕ್ಕಿಗೇ ಬಿಚ್ಚಬೇಕು. ಹಬ್ ಅಥವಾ ಆಕ್ಸಲ್ ರಿಪೇರಿಯಲ್ಲಿ ಎಡ ಬಲ ಅದಲುಬದಲಾಗಿದ್ದರೆ ಓಡುತ್ತ ಓಡುತ್ತ ನಟ್ಟು ತಾನೇ ಸಡಿಲವಾಗುತ್ತದೆ. ಅಂಥದ್ದು ಕಂಡರೆ ಓಡಿಸಿ ನೋಡುವ ಮಾತೇ ಬೇಡ.

ಸ್ಪೋಕುಗಳಿಗೆ ಸಣ್ಣ ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟುತ್ತ ಹೋಗಿ. ಮಂಕು ಸದ್ದು ಬಂದದ್ದು ಸಡಿಲ. ಒಂದೆರಡಾದರೆ ಬಿಗಿ ಮಾಡಬಹುದು, ಗುಂಪಾಗಿ ಆರೇಳು ಇದ್ದರೆ ಚಕ್ರ ಬೇರೆ ಬೇಕು.

ಮುಂಚಕ್ರ ಎಡ ಬಲ ತಿರುಗಲು ಆಸರೆಯಾದ ಕಿಂಗ್‌ಪಿನ್‌ಗೆ ಪ್ರತಿ 5,000 ಕಿಲೋಮೀಟರಿಗೆ ಗ್ರೀಸ್ ಬೀಳಬೇಕು, ಬದಿಗೆ ಮೂರು ನಿಪ್ಪಲ್. ನಿಪ್ಪಲ್ ಮೇಲೆ ಪೇಂಟು ಒಣಗಿ ಕೂತಿದ್ದರೆ ಪೇಂಟ್ ಆದ ಮೇಲೆ ಗ್ರೀಸ್ ಬಿದ್ದಿಲ್ಲ ಎಂದೇ ಅರ್ಥ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಕಂಡರೆ ಬ್ರೇಕ್ ಒತ್ತಿಸಿ ಮತ್ತೆ ಅಲುಗಿಸಿ. ಆಗ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಲಿವರ್ ಡ್ಯಾಂಪರುಗಳ (ಹಳೆಯ ಬಗೆಯ ಶಾಕ್ ಅಬ್ಸಾರ್ಬರ್) ಸುತ್ತ ಒದ್ದೆ ಎಣ್ಣೆ ಇದ್ದರೆ ಸೀಲ್ ಹೋಗಿದೆ. ಎಣ್ಣೆ ತುಂಬಿಸಿಟ್ಟರೆ ವಾರದೊಳಗೆ ಮತ್ತೆ ಖಾಲಿ.

ಬ್ರೇಕು: ಹ್ಯಾಂಡ್‌ಬ್ರೇಕ್ ಎಳೆದೇ ಮಳೆಗಾಲ ಕಳೆದಿದ್ದರೆ ಹಿಂದಿನ ಶೂ ಡ್ರಮ್ಮಿಗೆ ಅಂಟಿರುತ್ತದೆ. ಪೆಡಲ್ ಒತ್ತಿ ಬಿಟ್ಟ ಕೂಡಲೇ ನಾಲ್ಕೂ ಚಕ್ರ ಕೈಯಿಂದ ಸಲೀಸಾಗಿ ತಿರುಗಬೇಕು. ಮುಂದಿನ ಚಕ್ರ ಬಿಗಿಯಾಗಿಯೇ ಉಳಿದರೆ ಕ್ಯಾಲಿಪರ್ ಪಿಸ್ಟನ್ ತುಕ್ಕು, ಅಥವಾ ರಬ್ಬರ್ ಹೋಸ್ ಒಳಗೆ ಊದಿಕೊಂಡಿದೆ. ಬ್ರೇಕ್, ಕ್ಲಚ್ ಮಾಸ್ಟರ್ ಸಿಲಿಂಡರುಗಳ ಕೆಳಗೆ ಪೇಂಟು ಸುಲಿದಿದ್ದರೆ ಫ್ಲೂಯಿಡ್ ಸೋರುತ್ತಿದೆ.

ಉತ್ತರ 4: ಕೆಎ12_ದಾಖಲೆ

ಕಾಗದದ ವಿಷಯ. ಕಾರು ನೋಡಲು ಹೋಗುವ ಮೊದಲೇ ಆರ್‌ಸಿ ಪುಸ್ತಕದ ಎಲ್ಲ ಪುಟಗಳ ಫೋಟೋ ತರಿಸಿಕೊಳ್ಳಿ.

ಮೊದಲನೆಯದಾಗಿ, ಆರ್‌ಸಿಯಲ್ಲಿ ಬರೆದ ಎಂಜಿನ್ ನಂಬರು 18ಜಿಬಿಯೋ, 18ಜಿಜಿಯೋ? 18ಜಿಬಿ ಎಂದೇ ಇದ್ದರೆ ಬದಲಾವಣೆ ದಾಖಲಾಗಿದೆ, ಅಥವಾ ಭಾರತಕ್ಕೆ ಬರುವಾಗಲೇ ಹಾಗಿತ್ತು. ಬೇರೆ ನಂಬರಿದ್ದರೆ ಎಂಜಿನ್ ಬದಲಾದದ್ದನ್ನು ಆರ್‌ಟಿಒದಲ್ಲಿ ಬರೆಸಿಲ್ಲ. ಈಗಿನ ಮಾಲೀಕರೇ ಅದನ್ನು ಸರಿಪಡಿಸಿಕೊಡಲಿ, ನಿಮ್ಮ ಹೆಸರಿಗೆ ಬಂದ ಮೇಲೆ ಕಷ್ಟ. ಚಾಸಿ ಪ್ಲೇಟಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ, ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ. ಕೈಬರಹದ ಹಳೆಯ ಪುಸ್ತಕಗಳಲ್ಲಿ ಎಚ್ ಎನ್ ಆಗಿರುವುದು, 5 ಎಸ್ ಆಗಿರುವುದು ಸಾಮಾನ್ಯ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಚಾಸಿ ನಂಬರಿನ ಮೇಲೆ ಹೆರಿಟೇಜ್ ಪ್ರಮಾಣಪತ್ರ ಕೊಡುತ್ತದೆ. ಕಾರು ಕಾರ್ಖಾನೆ ಬಿಟ್ಟಾಗ ಯಾವ ಎಂಜಿನ್, ಯಾವ ಬಣ್ಣ ಇತ್ತು ಎಂಬುದು ಅದರಲ್ಲಿರುತ್ತದೆ. ಶುಲ್ಕ ಕಟ್ಟಿದರೂ ನಷ್ಟವಿಲ್ಲ.

ಎರಡನೆಯದು, ಕೊಡಗಿನಲ್ಲಿ ಪದೇ ಪದೇ ಎದುರಾಗುವುದು: ಆರ್‌ಸಿ ತೀರಿಕೊಂಡ ತಾತನ ಹೆಸರಿನಲ್ಲೇ ಇರುತ್ತದೆ, ಮಾರುವವರು ಮೊಮ್ಮಕ್ಕಳು. ಆಗ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬದಲಾಗಬೇಕು, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಅದಾದ ಮೇಲೆಯೇ ಫಾರಂ 29, 30ರಲ್ಲಿ ನಿಮಗೆ. ಬೇರೆ ಆರ್‌ಟಿಒದ ಕಾರಾದರೆ ಫಾರಂ 28ರ ಎನ್‌ಒಸಿ. ನಂಬರು ವಾಹನ್ ಕಂಪ್ಯೂಟರ್ ದಾಖಲೆಯಲ್ಲಿ ಇದೆಯೇ ನೋಡಿ. ಹಳೆಯ ಎಂವೈ ಸರಣಿಯ ಕಾರುಗಳಲ್ಲಿ ಪುಸ್ತಕ ಮಾತ್ರ ಇದ್ದು ಕಂಪ್ಯೂಟರಿಗೆ ಏರಿರುವುದಿಲ್ಲ. ಏರಿಸದೆ ವರ್ಗಾವಣೆ ಆಗುವುದಿಲ್ಲ.

ಮೂರನೆಯದು ಆಮದಿನ ಕಾಗದ. ಬಿಲ್ ಆಫ್ ಎಂಟ್ರಿ (ಕಸ್ಟಮ್ಸಿನ ಆಮದು ದಾಖಲೆ) ಕೇಳಿ, ಅಥವಾ ಎಸ್‌ಟಿಸಿ (ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್) ಮೂಲಕ ಬಂದದ್ದಾದರೆ ಅದರ ಮಾರಾಟದ ಪತ್ರ ಕೇಳಿ. ಕಸ್ಟಮ್ಸ್ ಸುಂಕ ಕಟ್ಟದೆ ಉಳಿದ ಕಾರಿನ ಹೊಣೆ ಕೊಂಡವರ ಮೇಲೂ ಬರಬಹುದು.

ಕೊನೆಗೆ ವಿಂಟೇಜ್ ನೋಂದಣಿ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರಿಗೆ ಇದು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಮೊದಲೇ ನೋಂದಣಿಯಾದ ಕಾರು ಹಳೆಯ ನಂಬರನ್ನು ಉಳಿಸಿಕೊಳ್ಳಬಹುದು, ಹೊಸದಕ್ಕೆ ವಿಎ ಅಕ್ಷರಗಳ ನಂಬರು. ಎರಡು ತೊಡಕಿವೆ. ಚಾಸಿ, ಬಾಡಿ, ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬ ಷರತ್ತಿದೆ, ನಿಮ್ಮ ಕಾರಿನ 18ಜಿಬಿ ಅಲ್ಲಿ ಪ್ರಶ್ನೆಯಾಗಬಹುದು. ಮತ್ತೆ, ಆ ನೋಂದಣಿಯಲ್ಲಿ ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥವಕ್ಕೆ ಮಾತ್ರ. ಭಾನುವಾರ ಗೋಣಿಕೊಪ್ಪಕ್ಕೆ ಹೋಗಿಬರುವ ಆಸೆ ಇದ್ದರೆ ಸಾಮಾನ್ಯ ನೋಂದಣಿಯನ್ನೇ ಫಿಟ್‌ನೆಸ್ ಮಾಡಿಸಿ ನವೀಕರಿಸುತ್ತ ಹೋಗುವುದು ಮೇಲು. ಅದರ ಶುಲ್ಕ, ಹಸಿರು ತೆರಿಗೆ ಎಷ್ಟಾಗುತ್ತದೆ ಎಂದು ಮಡಿಕೇರಿ ಆರ್‌ಟಿಒದಲ್ಲಿ ವಿಚಾರಿಸಿಯೇ ಬೆಲೆ ಮಾತಾಡಿ.

ಪೊಲ್ಲಿಬೆಟ್ಟ_ರಸ್ತೆ

ಎಲ್ಲರಿಗೂ ಧನ್ಯವಾದ. ತಗಡಿನ ಬಗ್ಗೆ ಒಂದು ಪ್ರಶ್ನೆ ಉಳಿಯಿತು. ಕಳಿಸಿದ ಫೋಟೋದಲ್ಲಿ ಕಾರಿನ ಅಡಿಭಾಗಕ್ಕೆ ದಪ್ಪ ಕಪ್ಪು ಅಂಡರ್‌ಸೀಲ್ ಬಳಿದಿದ್ದಾರೆ. ಕ್ಯಾಸಲ್ ರೈಲು ಕಾಣುವುದೇ ಇಲ್ಲ. ಕೆರೆಯಲು ಬಿಡುವುದಿಲ್ಲ. ಹಾಗಾದರೆ ಒಳಗೆ ನೋಡುವುದು ಹೇಗೆ?

ಉತ್ತರ 5: ತಗಡು_ಬೆಸುಗೆ

ಬಣ್ಣ ಮುಟ್ಟದೆಯೇ ಮೂರು ದಾರಿಯಿದೆ.

ಮುಂಚಕ್ರ ಬಿಚ್ಚಿ. ಚಕ್ರದ ಗೂಡಿನ ಹಿಂಭಾಗದಲ್ಲಿ ರಬ್ಬರ್ ಅಂಚಿನ ಒಂದು ಸ್ಪ್ಲಾಶ್ ತಗಡು ಬೋಲ್ಟ್ ಹಾಕಿ ಕೂರಿಸಿರುತ್ತದೆ. ಹಿಂದಿನ ದಿನವೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಲು ಹೇಳಿ, ಇಲ್ಲವಾದರೆ ತಲೆ ಮುರಿಯುತ್ತದೆ. ಅದನ್ನು ತೆಗೆದರೆ ಸಿಲ್ಲಿನ ಮುಂದಿನ ತುದಿ, ಬಾಗಿಲ ಕಂಬದ ಬುಡ ಎರಡೂ ಕಣ್ಣಿಗೆ ಬೀಳುತ್ತವೆ. ಅದರ ಹಿಂದೆ ಗಟ್ಟಿ ಮಣ್ಣು ತುಂಬಿದ್ದರೆ ಆ ಮಣ್ಣು ಎಷ್ಟು ವರ್ಷದಿಂದ ಒದ್ದೆಯಾಗಿದೆ ಎಂಬುದರ ಮೇಲೆ ಒಳಗಿನ ಸ್ಥಿತಿ ಊಹಿಸಬಹುದು.

ಎರಡನೆಯದು ಫೋನಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ. 8 ಮಿಲಿಮೀಟರ್ ದಪ್ಪದ್ದು ಸಾಕು, ತುದಿಯಲ್ಲಿ ಲೈಟ್ ಇರಲಿ. ಸ್ಪ್ಲಾಶ್ ತಗಡು ತೆಗೆದ ಕಡೆಯಿಂದ ಸಿಲ್ ಒಳಗೆ ಬಿಡಿ. ನೇರ ನಿಂತ ನಡುತಗಡಿನ ಕೆಳ ಅಂಚನ್ನೇ ನೋಡಿ. ಕಂದು ಪುಡಿ ಮೇಲ್ಮೈಯಲ್ಲಿ ಮಾತ್ರ ಇದ್ದರೆ ವ್ಯಾಕ್ಸ್ ಸಿಂಪಡಿಸಿ ವರ್ಷಗಟ್ಟಲೆ ಉಳಿಸಬಹುದು. ಪದರ ಪದರವಾಗಿ ಎದ್ದಿದ್ದರೆ, ಬೆಳಕು ಆಚೆಗೆ ಹಾಯುತ್ತಿದ್ದರೆ, ಎರಡೂ ಬದಿಯ ಸಿಲ್ ಕೆಲಸದ ಖರ್ಚನ್ನು ಬೆಲೆಯಿಂದ ಕಳೆಯದೆ ಮುಂದುವರಿಯಬೇಡಿ.

ಮೂರನೆಯದು ಬರಿಯ ಕೈ. ಅಂಡರ್‌ಸೀಲ್ ಮೇಲೆ ಹೆಬ್ಬೆರಳಿನಿಂದ ಬಲವಾಗಿ ಒತ್ತುತ್ತ ಹೋಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ. ಪುಟ್ಟಿ, ಫೈಬರ್, ಕೊಳೆತ ತಗಡು ಡಬ್ ಎನ್ನುತ್ತದೆ. ಮ್ಯಾಗ್ನೆಟ್ಟನ್ನು ಇಲ್ಲಿ ಪೂರ್ತಿ ನಂಬಬೇಡಿ, ದಪ್ಪ ಅಂಡರ್‌ಸೀಲ್ ಇದ್ದರೆ ಒಳ್ಳೆಯ ತಗಡಿನ ಮೇಲೂ ಸಡಿಲವಾಗಿಯೇ ಹಿಡಿಯುತ್ತದೆ.

ಈ ಮೂರಕ್ಕೂ ಮಾಲೀಕರು ಒಪ್ಪದಿದ್ದರೆ ಸಿಲ್ ಕೊಳೆತಿದೆ ಎಂದೇ ಹಿಡಿದು ಬೆಲೆ ಹೇಳಿ. ಒಪ್ಪಿದರೆ ಎಂಡೋಸ್ಕೋಪ್ ಚಿತ್ರಗಳನ್ನು ಎಡ, ಬಲ ಎಂದು ಗುರುತು ಹಾಕಿ ಇಲ್ಲಿ ಹಾಕಿ. ಗೊಬ್ಬರದ ಮೂಟೆ ಇದ್ದ ಬದಿಯದು ಮೊದಲು.